ಕ್ಯಾನ್ಸರ್ ಬಂದ ಮಗುವಿನ ಮನೆಯವರಿಗೆ ಊರಿನವರು ಏನು ಮಾಡಬಹುದು?

ಪ್ರಶ್ನೆ: ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. ನಮ್ಮಲ್ಲಿ ಕೆಲಸ ಮಾಡುವ, ಜಗಳೂರು ತಾಲ್ಲೂಕಿನ ಒಬ್ಬರ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲಿ ಚಿಕಿತ್ಸೆ ಆರಂಭವಾಗಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಇಂಥ ಮಕ್ಕಳಿಗಾಗಿ ನಾವು ಕೆಲವು ಗೆಳೆಯರು ಸೇರಿ ಒಂದು ಸೇವಾ ಸಂಸ್ಥೆ ಕಟ್ಟಬೇಕೆಂದಿದ್ದೇವೆ. ಚಿಕಿತ್ಸೆಗೆ ಸರ್ಕಾರದ ಯೋಜನೆ ಇದೆ ಎನ್ನುತ್ತಾರೆ. ಹಾಗಿದ್ದರೆ ನಾವು ಕೂಡಿಸುವ ಹಣ ಯಾವುದಕ್ಕೆ ಬೇಕಾಗುತ್ತದೆ? ಆಟಿಕೆ ಹಂಚುವುದು, ವಾರ್ಡಿನಲ್ಲಿ ಹುಟ್ಟುಹಬ್ಬ ಮಾಡುವುದು ಬಿಟ್ಟು ನಿಜಕ್ಕೂ ಉಪಯೋಗವಾಗುವ ಕೆಲಸ ಯಾವುದು? ಈಗಲೇ ಟ್ರಸ್ಟ್ ನೋಂದಾಯಿಸಬೇಕೇ?

ಉತ್ತರ: ನಿಮ್ಮ ಹಣದ ಬಹುಪಾಲು ಔಷಧಿಗೆ ಹೋಗಬೇಕಾಗಿಲ್ಲ. ಆರಂಭವಾದ ಚಿಕಿತ್ಸೆ ಕೊನೆ ಮುಟ್ಟುವವರೆಗೆ ಆ ಕುಟುಂಬ ನಡುದಾರಿಯಲ್ಲಿ ಕೈಚೆಲ್ಲದಂತೆ ನೋಡಿಕೊಳ್ಳುವುದಕ್ಕೆ ಹೋಗಬೇಕು. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಸಮಾಜ ಕಾರ್ಯಕರ್ತೆಯಾಗಿ ದುಡಿದ ನನ್ನನ್ನು ಇಂದಿಗೂ ಹೆಚ್ಚು ಕಾಡುವುದು ಔಷಧಿಯೇ ಇಲ್ಲದೆ ಹೋದ ಮಕ್ಕಳಲ್ಲ. ಔಷಧಿ ಇತ್ತು, ಹಾಸಿಗೆ ಇತ್ತು, ವೈದ್ಯರು ಕಾಯುತ್ತಿದ್ದರು, ಆದರೆ ಮಗು ಬರಲಿಲ್ಲ. ನಿಮ್ಮ ಸಂಸ್ಥೆ ಆ ಒಂದು ಜಾಗದಲ್ಲಿ ನಿಂತರೆ ಸಾಕು.

ಆರು ವರ್ಷದ ಮಗುವಿಗೆ ಬರುವ ರಕ್ತದ ಕ್ಯಾನ್ಸರ್ ಹೆಚ್ಚಾಗಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಆಗಿರುತ್ತದೆ. ವೈದ್ಯರು ಎ.ಎಲ್.ಎಲ್. ಎನ್ನುತ್ತಾರೆ. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಇದೇ ಅತಿ ಸಾಮಾನ್ಯ, ಗುಣವಾಗುವ ಸಾಧ್ಯತೆ ಚೆನ್ನಾಗಿರುವುದೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳ ಪೈಕಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಕಡಿಮೆ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಇದು ಶೇ 30ಕ್ಕಿಂತ ಕಡಿಮೆ. 2030ರ ಹೊತ್ತಿಗೆ ಜಗತ್ತಿನಾದ್ಯಂತ ಕನಿಷ್ಠ ಶೇ 60 ಮಕ್ಕಳಾದರೂ ಬದುಕಬೇಕು ಎಂಬ ಗುರಿಯನ್ನು ಆ ಸಂಸ್ಥೆ 2018ರಲ್ಲಿ ಇಟ್ಟುಕೊಂಡಿತು. ಕಾಯಿಲೆ ಎರಡೂ ಕಡೆ ಒಂದೇ, ಮುಖ್ಯ ಔಷಧಿಗಳೂ ಬಹುಪಾಲು ಅವೇ. ತಡವಾಗಿ ಗೊತ್ತಾಗುವುದು, ತಪ್ಪಾಗಿ ಗೊತ್ತಾಗುವುದು, ಚಿಕಿತ್ಸೆ ನಡುವೆ ನಿಲ್ಲುವುದು, ಸೋಂಕಿನಿಂದ ಮಗು ಹೋಗುವುದು, ಇವೆಲ್ಲ ಸೇರಿ ಇಷ್ಟು ದೊಡ್ಡ ಅಂತರವಾಗಿದೆ. ಇವುಗಳಲ್ಲಿ ಊರಿನಲ್ಲಿದ್ದುಕೊಂಡೇ ತಡೆಯಬಹುದಾದದ್ದು ಬಹಳ ಇದೆ.

ಚಿಕಿತ್ಸೆ ಏಕೆ ನಿಲ್ಲುತ್ತದೆ ಎಂಬುದನ್ನು ನಿಮ್ಮ ಗೆಳೆಯರು ಮೊದಲು ಅರ್ಥಮಾಡಿಕೊಳ್ಳಬೇಕು. ಎ.ಎಲ್.ಎಲ್. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ನಾಲ್ಕೈದು ವಾರಗಳ ಹಂತ ಮುಗಿಯುವಾಗಲೇ ಹೆಚ್ಚಿನ ಮಕ್ಕಳಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಂಥ ಕ್ಯಾನ್ಸರ್ ಕಣಗಳು ಉಳಿದಿರುವುದಿಲ್ಲ. ಅಲ್ಲಿಂದ ಹಲವು ತಿಂಗಳು ಕಟುವಾದ ಕಿಮೋ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿಗಳ ಚಿಕಿತ್ಸೆ. ಅದಾದ ಮೇಲೆ ಒಂದೂವರೆ, ಎರಡು ವರ್ಷ ಮನೆಯಲ್ಲೇ ಮಾತ್ರೆ, ಆಗಾಗ ಆಸ್ಪತ್ರೆ. ಈ ಕೊನೆಯ ಹಂತದಲ್ಲಿ ಮಗು ಆಡುತ್ತಿರುತ್ತದೆ, ಕೂದಲು ಮತ್ತೆ ಬಂದಿರುತ್ತದೆ, ಚೆನ್ನಾಗಿ ಊಟ ಮಾಡುತ್ತಿರುತ್ತದೆ. ಕಾಯಿಲೆ ಹೋಯಿತಲ್ಲ, ಇನ್ನೇಕೆ ಈ ಮಾತ್ರೆ ಎಂದು ಅಜ್ಜಿ ಕೇಳುತ್ತಾರೆ. ಅದು ಪ್ರೀತಿಯಿಂದಲೇ ಬಂದ ಪ್ರಶ್ನೆ, ಆದರೆ ಎಷ್ಟೋ ಮಕ್ಕಳಿಗೆ ಕಾಯಿಲೆ ಮರಳಿ ಬಂದದ್ದು ಅಲ್ಲಿಂದಲೇ. ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆ ತಪ್ಪಿದರೆ ಅದನ್ನು ಚಿಕಿತ್ಸೆ ಕೈಬಿಟ್ಟಂತೆ ಎಂದೇ ಮಕ್ಕಳ ಕ್ಯಾನ್ಸರ್ ತಜ್ಞರು ಪರಿಗಣಿಸುತ್ತಾರೆ.

ನಿಮ್ಮ ಭಾಗದಲ್ಲಿ ಇದಕ್ಕೆ ಒಂದು ಕಾಲವೂ ಇದೆ. ಜಗಳೂರಿನಲ್ಲಿ ಮೆಕ್ಕೆಜೋಳ ಮುರಿಯುವಾಗ, ಚಳ್ಳಕೆರೆ ಕಡೆ ಶೇಂಗಾ ಕೀಳುವಾಗ, ಚನ್ನಗಿರಿ, ಹೊಳಲ್ಕೆರೆಯಲ್ಲಿ ಅಡಿಕೆ ಕೊಯ್ಲಿನಲ್ಲಿ, ಭದ್ರಾ ನಾಲೆಯ ಕೆಳಗೆ ಭತ್ತ ನಾಟಿ ಮಾಡುವಾಗ ಬೆಂಗಳೂರಿನ ತಾರೀಖು ತಪ್ಪುತ್ತದೆ. ವರ್ಷದ ದುಡಿಮೆ ಆ ಹದಿನೈದು ದಿನಗಳಲ್ಲಿದೆ. ಅಂಥವರಿಗೆ ಜವಾಬ್ದಾರಿಯಿಲ್ಲ ಎಂದು ಬೈಯುವುದು ಅನ್ಯಾಯ. ನಿಮ್ಮ ಸಂಸ್ಥೆಯ ಅತ್ಯಂತ ಅಗ್ಗದ, ಅತ್ಯಂತ ಫಲ ಕೊಡುವ ಕೆಲಸ ಇಲ್ಲೇ ಇದೆ. ಪ್ರತಿ ಮಗುವಿಗೂ ಒಂದು ಪುಟವಿರುವ ಡೈರಿ, ಮುಂದಿನ ತಾರೀಖಿಗೆ ಒಂದು ವಾರ ಮೊದಲು ಒಂದು ಫೋನ್, ಹೊರಡುವ ಹಿಂದಿನ ದಿನ ಇನ್ನೊಂದು. ತಂದೆ ಹೊಲ ಬಿಡಲಾಗದಿದ್ದರೆ ತಾಯಿಯ ಜೊತೆಗೆ ಯಾರು ಹೋಗುತ್ತಾರೆ, ಆ ದಿನದ ಆಳಿನ ಕೂಲಿ ಯಾರು ಕೊಡುತ್ತಾರೆ, ಮನೆಯಲ್ಲಿ ಉಳಿದ ಚಿಕ್ಕ ಮಗು ಯಾರ ಬಳಿ ಇರುತ್ತದೆ ಎಂದು ಆ ಫೋನಿನಲ್ಲೇ ಕೇಳಿ ವ್ಯವಸ್ಥೆ ಮಾಡಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಮಕ್ಕಳ ವಿಭಾಗವು ಹಣ, ವಸತಿ, ಆಹಾರ, ಸಮಾಲೋಚನೆ ಎಲ್ಲವನ್ನೂ ಒಂದೇ ಕಡೆ ಜೋಡಿಸಿ, ಬಾರದವರನ್ನು ಹುಡುಕಿ ಕರೆಸಿ, ಚಿಕಿತ್ಸೆ ಕೈಬಿಡುವವರ ಪ್ರಮಾಣವನ್ನು ಬಹಳ ಕೆಳಗಿಳಿಸಿತು. ಅಷ್ಟು ದೊಡ್ಡ ಆಸ್ಪತ್ರೆ ಮಾಡಿದ್ದನ್ನು ಎರಡು ಜಿಲ್ಲೆಯ ಮಟ್ಟಿಗೆ ಒಂದು ಸಣ್ಣ ಬಳಗ ಮಾಡಬಹುದು.

ಸರ್ಕಾರದ ಯೋಜನೆ ಇದೆ, ನಿಜ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಅಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ, ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬಡ ಮಕ್ಕಳ ಚಿಕಿತ್ಸೆ ಇದರಿಂದಲೇ ನಡೆಯುತ್ತಿದೆ. ಆದರೆ ಯೋಜನೆಯ ಬಾಗಿಲಿನಲ್ಲೇ ಅನೇಕರು ಎಡವುತ್ತಾರೆ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿರುವುದಿಲ್ಲ. ಆಧಾರ್‌ನಲ್ಲಿ ಹೆಸರು ಒಂದು ಬಗೆ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ. ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಗಾಬರಿಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದಿರುತ್ತಾರೆ. ಮಗುವಿಗೆ ರಕ್ತ ಏರಿಸುತ್ತಿರುವಾಗ ತಂದೆ ಮತ್ತೆ ತಾಲ್ಲೂಕು ಕಚೇರಿಗೆ ಓಡಬೇಕು. ನಿಮ್ಮಲ್ಲಿ ಒಬ್ಬರು, ಕಚೇರಿ ಕೆಲಸ ಗೊತ್ತಿರುವವರು, ಇದನ್ನೇ ತಮ್ಮ ಸೇವೆಯಾಗಿ ಹಿಡಿಯಲಿ. ಆಹಾರ ಇಲಾಖೆ, ಆಧಾರ್ ಕೇಂದ್ರ, ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗೆಂದೇ ಇರುವ ಆರೋಗ್ಯ ಮಿತ್ರ, ಈ ಮೂರು ಕಡೆ ಅವರಿಗೆ ಪರಿಚಯವಿದ್ದರೆ ಒಂದು ಕುಟುಂಬದ ಎಷ್ಟೋ ದಿನಗಳು ಉಳಿಯುತ್ತವೆ.

ಯೋಜನೆ ಕೊಡದಿರುವುದು ಬಸ್ ಚಾರ್ಜು, ಬಾಡಿಗೆ, ಊಟ, ಕಳೆದುಹೋದ ಕೂಲಿ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಒಮ್ಮೆ ಹೋಗಿಬರುವುದು ಯಾರಿಗೂ ಭಾರವಲ್ಲ. ಎರಡು ವರ್ಷ ಹೋಗಿಬರುತ್ತಲೇ ಇರುವುದು ಮನೆಯನ್ನು ಮುರಿಯುತ್ತದೆ. ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಬರುವ ಒಬ್ಬರಿಗೆ ಶೇ 75. ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಸಹಿ ಮಾಡಿದ ಪ್ರಮಾಣಪತ್ರವನ್ನು ನಿಲ್ದಾಣದ ಕೌಂಟರಿನಲ್ಲಿ ತೋರಿಸಬೇಕು. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಪೂರ್ತಿ ಹಣ ಕೊಟ್ಟು ಓಡಾಡಿದವರು ಬಹಳ ಮಂದಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೂ ಮಗಳಿಗೂ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಆದರೆ ಕಿಮೋ ಮುಗಿಸಿದ ಮಗುವನ್ನು ತುಂಬಿದ ಬಸ್ಸಿನಲ್ಲಿ ಐದಾರು ಗಂಟೆ ಕೂರಿಸಬಾರದು. ರಕ್ತಕಣ ಕಡಿಮೆ ಇರುವ ದಿನಗಳಿಗೆ ಕಾರು ಬಾಡಿಗೆ ಮಾಡಿ ಕೊಡುವುದಕ್ಕೇ ನಿಮ್ಮ ಹಣದಲ್ಲಿ ಒಂದು ಪಾಲು ತೆಗೆದಿಡಿ.

ಆಸ್ಪತ್ರೆಯ ಹತ್ತಿರ ಮನೆ ಕೊಡುವ ವಿಚಾರ ಹೊಸದಲ್ಲ. 1974ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಲ್ಯುಕೇಮಿಯಾ ಬಂದ ಮಗಳ ತಂದೆಯಾದ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್, ಅಲ್ಲಿನ ಮಕ್ಕಳ ವೈದ್ಯೆ ಆಡ್ರಿ ಇವಾನ್ಸ್ ಮುಂತಾದವರು ಸೇರಿ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ತೆರೆದರು. ನಮ್ಮಲ್ಲಿ 2006ರಲ್ಲಿ ಮುಂಬೈನಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್, ದೂರದೂರಿನಿಂದ ಬಂದ ಮಕ್ಕಳಿಗೂ ತಂದೆತಾಯಿಗೂ ಚಿಕಿತ್ಸೆಯ ಕಾಲದಲ್ಲಿ ಉಚಿತ ಕೋಣೆ ಕೊಡುತ್ತ ಈಗ ಹಲವು ನಗರಗಳಿಗೆ ಹಬ್ಬಿದೆ. ಕಿದ್ವಾಯಿ ಆವರಣದಲ್ಲಿಯೂ ಧರ್ಮಶಾಲೆ ಇದೆ. ನೀವು ಬೆಂಗಳೂರಿನಲ್ಲಿ ಮನೆ ಮಾಡುವ ಸಾಹಸಕ್ಕೆ ಇಳಿಯಬೇಡಿ ಎಂದೇ ನನ್ನ ಸಲಹೆ. ಅಲ್ಲಿ ಇರುವ ವ್ಯವಸ್ಥೆಗಳಲ್ಲಿ ಜಾಗ ಎಲ್ಲಿದೆ ಎಂದು ವಾರ್ಡಿನ ಸಮಾಜ ಕಾರ್ಯಕರ್ತರಿಂದ ತಿಳಿದು ಕುಟುಂಬಕ್ಕೆ ಹೇಳಿ, ಜಾಗ ಸಿಗದ ವಾರಗಳ ಬಾಡಿಗೆ ಕೊಡಿ. ಪಾದಚಾರಿ ಮಾರ್ಗದಲ್ಲಿ ಮಲಗುವ ಮಗುವಿಗೆ ಸೋಂಕು ತಗುಲದಿರುವುದಿಲ್ಲ.

ಈಗ ಜ್ವರದ ವಿಷಯ. ಈ ಉತ್ತರದಲ್ಲಿ ಒಂದೇ ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕಿಮೋ ಕೊಟ್ಟ ಮೇಲೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಆ ಹೊತ್ತಿಗೆ ಮಗು ಊರಿಗೆ ಬಂದಿರುತ್ತದೆ. ಸೋಂಕಿನೊಡನೆ ಹೋರಾಡುವ ಕಣಗಳೇ ಇಲ್ಲದ್ದರಿಂದ ಕೀವು, ಬಾವು, ಕಫ ಯಾವುದೂ ಕಾಣದೆ ಜ್ವರವೊಂದೇ ಸೂಚನೆಯಾಗಿರಬಹುದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಅದು ತುರ್ತು ಪರಿಸ್ಥಿತಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಹೋಗಬೇಕು. ಹಳ್ಳಿಯ ಕ್ಲಿನಿಕ್ಕಿನಲ್ಲಿ ಅಭ್ಯಾಸದಂತೆ ಸೊಂಟಕ್ಕೆ ಸೂಜಿ ಚುಚ್ಚುವುದೂ ಅಪಾಯ, ಏಕೆಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇರುವಾಗ ಸ್ನಾಯುವಿನೊಳಗೆ ರಕ್ತ ಸುರಿಯುತ್ತದೆ.

ಜಗಳೂರಿನ ಹಳ್ಳಿಯಿಂದ ರಾತ್ರಿ ಹನ್ನೆರಡಕ್ಕೆ ಬೆಂಗಳೂರಿಗೆ ಹೋಗುವುದು ಆಗದ ಮಾತು, ಹೋಗಲೂಬಾರದು. ಆ ಮಗು ಮೊದಲು ಮುಟ್ಟಬೇಕಾದದ್ದು ದಾವಣಗೆರೆಯನ್ನು. ಮಕ್ಕಳ ಚಿಕಿತ್ಸೆಯಲ್ಲಿ ಹೆಸರಾದ ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ನಿಮ್ಮ ಊರಿನಲ್ಲೇ ಇವೆ. ಮೊಳಕಾಲ್ಮುರಿನವರಿಗೆ ಬಳ್ಳಾರಿ ಹತ್ತಿರವಾಗಬಹುದು, ಹೊಸದುರ್ಗದವರಿಗೆ ಚಿತ್ರದುರ್ಗ. ಯಾವ ಹಳ್ಳಿಯವರು ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಮೊದಲೇ ನಿಶ್ಚಯಿಸಿ, ಅಲ್ಲಿನ ಮಕ್ಕಳ ತಜ್ಞರನ್ನು ಕಂಡು ಮಾತಾಡಿಕೊಳ್ಳಿ. ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಯಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಮಗುವಿಗೆ ಯಾವ ಕಾಯಿಲೆ, ಯಾವ ಹಂತ, ಜ್ವರ ಬಂದರೆ ಮೊದಲು ಯಾವ ಔಷಧಿ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರಲಿ. ಪತ್ರ, ಒಂದು ಡಿಜಿಟಲ್ ಥರ್ಮಾಮೀಟರ್, ರಾತ್ರಿ ಕರೆದರೆ ಬರುವ ಊರಿನ ಒಬ್ಬ ವಾಹನದವರ ನಂಬರ್, ಅವರು ಸಿಗದಿದ್ದರೆ 108. ಇಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೆ ಕೊಡಿ, ಥರ್ಮಾಮೀಟರ್ ಓದಲು ಕಲಿಸಿ. ನೂರು ಆಟಿಕೆಗಿಂತ ಈ ಚೀಲ ದೊಡ್ಡ ದಾನ ಎಂದು ನಾನು ಎದೆ ಮುಟ್ಟಿ ಹೇಳುತ್ತೇನೆ.

ಮಾತ್ರೆಯ ಹಂತದಲ್ಲಿ ಇನ್ನೊಂದು ಎಚ್ಚರ ಬೇಕು. 6-ಮರ್ಕ್ಯಾಪ್ಟೊಪ್ಯೂರಿನ್ ದಿನಾಲೂ ನುಂಗುವ ಮಾತ್ರೆ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಎರಡನ್ನೂ ದಿನವೂ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರುತ್ತದೆ. ಓದು ಬಾರದ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆಲ್ಲ ಕೆಂಪು ಗುರುತು ಹಾಕಿ, ವಾರದ ಮಾತ್ರೆಯನ್ನು ಕೆಂಪು ಡಬ್ಬಿಯಲ್ಲಿ ಬೇರೆ ಇಡಿಸಿ. ಮೆಥೊಟ್ರೆಕ್ಸೇಟ್ ಸೇರಿರುವ ಔಷಧಿಗಳ ಕುಟುಂಬದಲ್ಲಿ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಅಮೆರಿಕದಲ್ಲಿ ಅವರ ತಂಡ ತಯಾರಿಸಿದ ಅಮಿನೋಪ್ಟೆರಿನ್ ಬಳಸಿ ಲ್ಯುಕೇಮಿಯಾ ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಮಕ್ಕಳ ಕ್ಯಾನ್ಸರ್‌ಗೆ ಔಷಧಿಯ ದಾರಿ ತೆರೆದದ್ದು ಅಲ್ಲಿಂದ. ಈ ಹಂತದಲ್ಲಿ ರಕ್ತಕಣ ಎಣಿಸುವ ಪರೀಕ್ಷೆಯನ್ನು ದಾವಣಗೆರೆಯ ಲ್ಯಾಬಿನಲ್ಲೇ ಮಾಡಿಸಿ, ವರದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮಾತ್ರೆಯ ಪ್ರಮಾಣವನ್ನು ಫೋನಿನಲ್ಲೇ ತಿಳಿಯಲು ವೈದ್ಯರು ಒಪ್ಪಿದರೆ ಎಷ್ಟೋ ಪ್ರಯಾಣ ತಪ್ಪುತ್ತದೆ. ಆ ಪರೀಕ್ಷೆಯ ಖರ್ಚು ಸಣ್ಣದು, ಅದನ್ನು ನೀವು ವಹಿಸಿಕೊಳ್ಳಿ.

ರಕ್ತದಾನ ಶಿಬಿರ ನಡೆಸುವ ಉತ್ಸಾಹ ನಿಮ್ಮ ಬಳಗದಲ್ಲಿ ಇರುತ್ತದೆ. ಒಳ್ಳೆಯದು, ಆದರೆ ಈ ಮಕ್ಕಳಿಗೆ ಹೆಚ್ಚು ಬೇಕಾಗುವುದು ಪ್ಲೇಟ್‌ಲೆಟ್, ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಕರೆದ ದಿನ ಬರುವ ದಾನಿಗಳ ಪಟ್ಟಿ ಮುಖ್ಯ. ಬೆಂಗಳೂರಿನಲ್ಲಿ ಓದುವ, ದುಡಿಯುವ ನಿಮ್ಮ ಊರಿನ ಹುಡುಗ ಹುಡುಗಿಯರದೇ ಒಂದು ಪಟ್ಟಿ ಮಾಡಿ.

ಊಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸೊರಗಿದ ಮಗುವಿನ ದೇಹ ಕಿಮೋ ತಡೆಯುವುದಿಲ್ಲ. ಮೊಟ್ಟೆ, ಬೇಳೆ, ಹಾಲು, ಶೇಂಗಾ ಸೇರಿದ ದಿನಸಿ ಚೀಲ ತಿಂಗಳಿಗೊಮ್ಮೆ ಇಡೀ ಮನೆಗೆ ಕೊಡಿ. ಮಗುವಿಗೆಂದು ಮಾತ್ರ ಕೊಟ್ಟರೆ ತಾಯಿ ಎಲ್ಲರಿಗೂ ಹಂಚಲೇಬೇಕಾಗುತ್ತದೆ. ರಕ್ತಕಣ ಕಡಿಮೆ ಇರುವಾಗ ಬೀದಿಯ ಮಂಡಕ್ಕಿ ಬೇಡ. ಬೆಣ್ಣೆ ದೋಸೆ ಬೇಕೆಂದು ಅತ್ತರೆ ಮನೆಯಲ್ಲೇ ಬಿಸಿಯಾಗಿ ಮಾಡಿಕೊಡಲಿ.

ನಿಮ್ಮ ಕೆಲಸಗಾರರಿಗೆ ಇರುವುದು ಮಗಳು ಎಂಬುದರಿಂದ ಇನ್ನೊಂದು ಮಾತು. ನಮ್ಮ ದೇಶದ ಆಸ್ಪತ್ರೆಗಳ ದಾಖಲೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳಿಗಿಂತ ಬಹಳ ಹೆಚ್ಚು. ಕಾಯಿಲೆಯ ಸ್ವಭಾವದಿಂದ ಬರುವ ವ್ಯತ್ಯಾಸ ಸ್ವಲ್ಪ ಮಾತ್ರ, ಉಳಿದ ಹೆಣ್ಣುಮಕ್ಕಳು ಆಸ್ಪತ್ರೆಯವರೆಗೆ ಬರುವುದೇ ಇಲ್ಲ. ಸಾಲ ಮಾಡಬೇಕಾದಾಗ, ಹೊಲ ಅಡವಿಡಬೇಕಾದಾಗ ಮನೆಯ ಹಿರಿಯರ ಮಾತು ಬದಲಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆ ತಂದೆ ಮಗಳಿಗಾಗಿ ನಿಂತಿದ್ದಾರೆ. ಅವರನ್ನು ಊರಿನವರ ಮುಂದೆ ಹೊಗಳಿ, ಅವರ ಬೆನ್ನಿಗೆ ನಿಮ್ಮಂಥ ನಾಲ್ಕು ಜನ ಇದ್ದಾರೆಂದು ಕುಟುಂಬಕ್ಕೆ ಕಾಣಲಿ.

ಮಗು ಶಾಲೆಗೆ ಮರಳುವಾಗ ಮುಖ್ಯೋಪಾಧ್ಯಾಯರೊಡನೆ ಮಾತಾಡಿ. ಇದು ಅಂಟುವ ಕಾಯಿಲೆಯಲ್ಲ ಎಂದು ಮಕ್ಕಳಿಗೂ ಪೋಷಕರಿಗೂ ಅವರೇ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಅದೇ ದಿನ ತಾಯಿಗೆ ತಿಳಿಸಬೇಕು, ತಾಯಿ ಆಸ್ಪತ್ರೆಗೆ ಫೋನ್ ಮಾಡಬೇಕು. ಪಲ್ಸ್ ಪೋಲಿಯೋ ಭಾನುವಾರ ಈ ಮಗುವಿಗೂ ಅದರ ಒಡಹುಟ್ಟಿದವರಿಗೂ ಬಾಯಿ ಹನಿ ಹಾಕಿಸುವ ಮೊದಲು ಕ್ಯಾನ್ಸರ್ ವೈದ್ಯರನ್ನು ಕೇಳಲೇಬೇಕು.

ಮುಂದಿನ ಮಕ್ಕಳು ಬೇಗ ಗುರುತಾಗುವಂತೆ ಮಾಡುವುದೂ ನಿಮ್ಮ ಕೈಯಲ್ಲಿದೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು, ತಾಲ್ಲೂಕಿನ ವೈದ್ಯರನ್ನು ಸೇರಿಸಿ ಅರ್ಧ ದಿನದ ಕಾರ್ಯಾಗಾರ ಮಾಡಿ, ಮಕ್ಕಳ ಕ್ಯಾನ್ಸರ್ ತಜ್ಞರೊಬ್ಬರನ್ನು ಕರೆಸಿ. ವಾರಗಟ್ಟಲೆ ಬಿಡದ ಜ್ವರ, ಬಿಳಿಚಿಕೊಂಡ ಮುಖ, ಏಟಿಲ್ಲದೆ ಮೂಡುವ ನೀಲಿ ಕಲೆ, ನಡೆಯಲಾಗದಂಥ ಮೂಳೆ ನೋವು, ಹೊಟ್ಟೆಯಲ್ಲಿ ಗಡ್ಡೆ, ಬೆಳಗಿನ ತಲೆನೋವಿನೊಂದಿಗೆ ವಾಂತಿ, ಫೋಟೊದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು, ಇವು ಎಚ್ಚರಿಕೆಯ ಚಿಹ್ನೆಗಳು. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಎಂದುಕೊಳ್ಳುವುದು ಸಹಜ, ಎರಡು ವಾರ ಕಳೆದರೂ ಏರದಿದ್ದರೆ ಬೇರೆ ಯೋಚನೆ ಬೇಕು. ಕೀಲು ನೋವೆಂದು ಕಾರಣ ತಿಳಿಯುವ ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಲ್ಯುಕೇಮಿಯಾ ಕೆಲಕಾಲ ಮರೆಯಾಗಿ ರೋಗಪತ್ತೆಯೇ ಕಷ್ಟವಾಗುತ್ತದೆ. ಕುತ್ತಿಗೆಯ ಗಂಟಿಗೆ ಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆ ಕೊಟ್ಟು ತಿಂಗಳುಗಳನ್ನು ಕಳೆಯುವುದೂ ಇದೆ.

ಹುಟ್ಟುಹಬ್ಬ, ಆಟಿಕೆ ಬೇಡ ಎನ್ನಲಾರೆ. ಮಗುವಿಗೆ ನಗು ಬೇಕು. ಆದರೆ ಚೆಕ್ ಹಿಡಿದು ಕೂದಲುದುರಿದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ನಿಮ್ಮ ಸಂಸ್ಥೆ ಮೊದಲ ಸಭೆಯಲ್ಲೇ ನಿಷೇಧಿಸಲಿ. ನಾಳೆ ಅವಳು ಗುಣವಾಗಿ, ಓದಿ, ಮದುವೆಯ ಮಾತು ಬಂದಾಗ ಆ ಫೋಟೊ ಯಾರ ಮೊಬೈಲಿನಲ್ಲೂ ಇರಬಾರದು.

ಎಲ್ಲ ಮಕ್ಕಳೂ ಉಳಿಯುವುದಿಲ್ಲ ಎಂಬುದನ್ನೂ ನಿಮ್ಮ ಗೆಳೆಯರಿಗೆ ಮೊದಲೇ ಹೇಳಿ. ಇನ್ನು ಚಿಕಿತ್ಸೆ ಫಲಿಸದು ಎಂದು ವೈದ್ಯರು ಹೇಳಿದ ದಿನದಿಂದ ಎಷ್ಟೋ ದಾನಿಗಳು ಮಾಯವಾಗುತ್ತಾರೆ. ನೋವು ಕಡಿಮೆ ಮಾಡುವ ಮಾರ್ಫಿನ್ ಸಿಗುವಂತೆ ನೋಡಿಕೊಳ್ಳುವುದು, ಮನೆಗೆ ಹೋಗಿ ಕೂರುವುದು, ಬೆಂಗಳೂರಿನಲ್ಲಿ ತೀರಿಕೊಂಡರೆ ಊರಿಗೆ ತರುವ ವಾಹನದ ಬಾಡಿಗೆಗೆ ತಂದೆ ಯಾರೆದುರೂ ಕೈಚಾಚದಂತೆ ಮಾಡುವುದು ನಿಮ್ಮ ಕೆಲಸದ ಒಳಗೇ ಇರಲಿ.

ಟ್ರಸ್ಟ್ ವಿಷಯಕ್ಕೆ ಬರುತ್ತೇನೆ. ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷ ನಾಲ್ಕೈದು ಕುಟುಂಬಗಳ ಜೊತೆ ಮೇಲಿನ ಕೆಲಸ ಮಾಡಿ, ಪ್ರತಿ ರೂಪಾಯಿಗೂ ಲೆಕ್ಕ ಬರೆಯಿರಿ. ಹೊರಗಿನವರಿಂದ ಹಣ ಕೇಳುವ ಹಂತ ಬಂದಾಗ ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಮಾಡಿಸಬಹುದು, ಅಥವಾ ಕನಿಷ್ಠ ಏಳು ಸದಸ್ಯರಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘವಾಗಿ ನೋಂದಾಯಿಸಬಹುದು. ದಾನಿಗಳಿಗೆ ತೆರಿಗೆ ವಿನಾಯಿತಿ ಬೇಕೆಂದರೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇರೆ ಇದೆ, ಅದಕ್ಕೆ ನಿಮ್ಮ ಲೆಕ್ಕಪರಿಶೋಧಕರೇ ದಾರಿ ತೋರಿಸುತ್ತಾರೆ.

ಆದರೆ ನಿಮ್ಮ ಅಂಗಡಿಯ ಆ ತಂದೆಗೆ ಯಾವ ಸಂಸ್ಥೆಗಿಂತಲೂ ಮೊದಲು ನೆರವಾಗಬಲ್ಲವರು ನೀವೇ. ಎರಡು ಮೂರು ವರ್ಷ ಅವರು ಆಗಾಗ ರಜೆ ಹಾಕಬೇಕಾಗುತ್ತದೆ, ಜ್ವರ ಬಂದರೆ ಹೇಳದೆಯೂ ಹೋಗಬೇಕಾಗುತ್ತದೆ. ಆ ದಿನಗಳ ಸಂಬಳ ಕಡಿಯುವುದಿಲ್ಲ, ಕೆಲಸ ಹೋಗುವುದಿಲ್ಲ ಎಂದು ಈ ವಾರವೇ ಬಾಯಿಬಿಟ್ಟು ಹೇಳಿ. ಕೇಳಲು ಅವರು ಹಿಂಜರಿಯುತ್ತಿರುತ್ತಾರೆ. ನಿಮ್ಮ ಅಂಗಡಿ ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬರುವುದಾದರೆ ಅದರಲ್ಲಿ ಕೆಲಸಗಾರರ ಮಕ್ಕಳ ಚಿಕಿತ್ಸೆಯೂ ಸೇರುತ್ತದೆ, ಅವರ ಹೆಸರೂ ಮಗಳ ಹೆಸರೂ ದಾಖಲಾಗಿದೆಯೇ ಎಂದು ನೋಡಿ. ಮುಂದಿನ ತಾರೀಖು ಯಾವಾಗ, ರೇಷನ್ ಕಾರ್ಡಿನಲ್ಲಿ ಮಗಳ ಹೆಸರಿದೆಯೇ, ರೈಲಿನ ರಿಯಾಯಿತಿ ಪತ್ರ ಸಿಕ್ಕಿದೆಯೇ, ಮನೆಯಲ್ಲಿ ಥರ್ಮಾಮೀಟರ್ ಇದೆಯೇ ಎಂದು ನಾಳೆ ಅಂಗಡಿ ತೆರೆದಾಗ ಅವರನ್ನು ಕೂರಿಸಿಕೊಂಡು ಕೇಳಿ.